ಬೆಟ್ಟದ ಬೇರನ್ನು ಅಳೆದ ಅಲೆಗಳು

ಪರ್ವತವೊಂದರ ಎತ್ತರವನ್ನು ಅಳೆಯುವ ವಿದ್ಯೆ ಹದಿನೆಂಟನೆಯ ಶತಮಾನದ ಹೊತ್ತಿಗೇ ಸಾಕಷ್ಟು ಪಕ್ವವಾಗಿತ್ತು. ಆದರೆ ಅದೇ ಪರ್ವತವು ನೆಲದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಪ್ರಶ್ನೆ ಸ್ಪಷ್ಟ ರೂಪ ತಾಳಲು ಇನ್ನೂ ನೂರು ವರ್ಷ ಬೇಕಾಯಿತು, ಆ ಪ್ರಶ್ನೆಗೆ ನಂಬಬಹುದಾದ ಅಳತೆಯ ಉತ್ತರ ಸಿಗಲು ಮತ್ತೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತು. ಭೂಮಿಯ ಅತ್ಯಂತ ಹೊರಗಿನ ಶಿಲಾಪದರವನ್ನು ಭೂಕವಚವೆಂದೂ ಅದರ ಕೆಳಗಿರುವ, ಹೆಚ್ಚು ಸಾಂದ್ರವಾದ ಶಿಲೆಗಳ ದಪ್ಪ ವಲಯವನ್ನು ಮ್ಯಾಂಟಲ್ ಎಂದೂ ಕರೆಯಲಾಗುತ್ತದೆ. ಸಾಗರಗಳ ತಳದಲ್ಲಿ ಆರೇಳು ಕಿ.ಮೀ. ದಪ್ಪವಿರುವ ಭೂಕವಚವು ಖಂಡಗಳ ಕೆಳಗೆ ಸಾಮಾನ್ಯವಾಗಿ 35ರಿಂದ 40 ಕಿ.ಮೀ.ವರೆಗೆ ಇರುತ್ತದೆ. ಮನುಷ್ಯ ಕೊರೆದಿರುವ ಅತಿ ಆಳದ ರಂಧ್ರ, ರಷ್ಯಾದ ಕೋಲಾ ಪರ್ಯಾಯದ್ವೀಪದ್ದು, 12 ಕಿ.ಮೀ.ಗಿಂತ ಸ್ವಲ್ಪವೇ ಹೆಚ್ಚು ಆಳಕ್ಕೆ ಹೋಗಿ ನಿಂತಿತು. ಹೀಗಾಗಿ ಖಂಡಗಳ ಭೂಕವಚದ ತಳವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಅದರ ಬಗ್ಗೆ ತಿಳಿದಿರುವುದರ ಬಹುಪಾಲು ಅದನ್ನು ಹಾದು ಬಂದ ಅಲೆಗಳಿಂದ ತಿಳಿದದ್ದು.

ಪ್ರಶ್ನೆ ಮೊದಲು ಎದ್ದದ್ದು ತೂಗುಗುಂಡಿನಿಂದ. ದಾರದ ತುದಿಗೆ ಕಟ್ಟಿದ ಗುಂಡು ಭೂಮಿಯ ಕೇಂದ್ರದತ್ತ ಜೋತುಬೀಳಬೇಕು. ಆದರೆ ಪಕ್ಕದಲ್ಲಿ ದೊಡ್ಡ ಪರ್ವತವಿದ್ದರೆ ಅದರ ಗುರುತ್ವವೂ ಗುಂಡನ್ನು ತುಸು ತನ್ನತ್ತ ಸೆಳೆಯುತ್ತದೆ. ಫ್ರಾನ್ಸಿನ ಪಿಯರ್ ಬೂಗೇ 1738ರಲ್ಲಿ ಆಂಡೀಸ್ ಶ್ರೇಣಿಯ ಚಿಂಬೊರಾಜೊ ಪರ್ವತದ ಬಳಿ ಈ ಸೆಳೆತವನ್ನು ಅಳೆದು, ಅದು ಪರ್ವತದ ಗಾತ್ರಕ್ಕೆ ತಕ್ಕುದಕ್ಕಿಂತ ಬಹಳ ಕಡಿಮೆ ಇರುವುದನ್ನು ಕಂಡನು. ಅಂದಿನ ಉಪಕರಣಗಳು ಒರಟಾಗಿದ್ದುದರಿಂದ ಆ ಸುಳಿವನ್ನು ಬೆಳೆಸಲು ಆಗಲಿಲ್ಲ. ಅದೇ ಕೊರತೆ ಅಲ್ಲಗಳೆಯಲಾಗದಷ್ಟು ಖಚಿತವಾಗಿ ಮತ್ತೆ ಕಾಣಿಸಿಕೊಂಡದ್ದು ಭಾರತದಲ್ಲಿ, ಅದೂ ಪರ್ವತಗಳ ಅಧ್ಯಯನಕ್ಕೆಂದು ಹೊರಡದ ಒಂದು ಕಾರ್ಯದಲ್ಲಿ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಆ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಮೂಲಕ ಪರ್ಯಾಯದ್ವೀಪವನ್ನು ಅಡ್ಡಲಾಗಿ ಅಳೆಯುವ ಯೋಜನೆಯನ್ನು ಮುಂದಿಟ್ಟನು. ಅದಕ್ಕಾಗಿ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು, ಅಂದರೆ ಮುಂದಿನ ಎಲ್ಲ ತ್ರಿಕೋನಗಳ ಲೆಕ್ಕಕ್ಕೆ ಮೂಲವಾಗುವಂತೆ ನೆಲದ ಮೇಲೆ ಸರಪಳಿ ಹಿಡಿದು ಅಳೆದ ಒಂದು ನೇರರೇಖೆಯನ್ನು, ಗುರುತಿಸಲಾಯಿತು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆಯೊಂದಿಗೆ ಕೆಲಸ ವಿಸ್ತಾರಗೊಂಡು, ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಎಂದು ಹೆಸರಾಯಿತು. ಲ್ಯಾಂಬ್ಟನ್ನನ ನಂತರ 1823ರಲ್ಲಿ ಹೊಣೆ ಹೊತ್ತ ಜಾರ್ಜ್ ಎವರೆಸ್ಟ್ ಈ ತ್ರಿಕೋನಗಳ ಸರಣಿಯನ್ನು ಉತ್ತರಕ್ಕೆ ಹಿಮಾಲಯದ ಬುಡದವರೆಗೆ ಕೊಂಡೊಯ್ದನು.

ಆ ಸರಣಿಯ ಎರಡು ಠಾಣೆಗಳು ಈ ಇತಿಹಾಸದಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, ಮಧ್ಯ ಭಾರತದ ಸಿರೋಂಜ್ ಬಳಿಯ ಕಲ್ಯಾಣಪುರ. ಇನ್ನೊಂದು, ಅಲ್ಲಿಂದ ಸುಮಾರು 600 ಕಿ.ಮೀ. ಉತ್ತರದಲ್ಲಿ, ಮುಜಫರನಗರದ ಸಮೀಪವಿರುವ ಕಲಿಯಾನ. ಇವೆರಡರ ನಡುವಣ ಅಕ್ಷಾಂಶದ ಅಂತರವನ್ನು ತ್ರಿಕೋನಗಳ ಮೂಲಕ ಒಮ್ಮೆ, ನಕ್ಷತ್ರಗಳ ವೀಕ್ಷಣೆಯ ಮೂಲಕ ಮತ್ತೊಮ್ಮೆ ಲೆಕ್ಕ ಹಾಕಿದಾಗ ಎರಡು ಉತ್ತರಗಳ ನಡುವೆ 5.236 ಸೆಕೆಂಡುಗಳ ವ್ಯತ್ಯಾಸ ಉಳಿಯಿತು. ಇಲ್ಲಿ ಸೆಕೆಂಡ್ ಎಂದರೆ ಕಾಲದ ಮಾನವಲ್ಲ, ಒಂದು ಡಿಗ್ರಿಯ 3,600ನೇ ಒಂದು ಭಾಗ. ನೆಲದ ಮೇಲೆ ಈ ವ್ಯತ್ಯಾಸ ಸುಮಾರು 160 ಮೀಟರ್ ಆಗುತ್ತದೆ. ಆರುನೂರು ಕಿ.ಮೀ.ಗೆ 160 ಮೀಟರ್ ಅಲ್ಪವೆಂದು ತೋರಬಹುದಾದರೂ ಎವರೆಸ್ಟನ ಅಳತೆಗಳ ನಿಖರತೆಯ ಮುಂದೆ ಅದು ದೊಡ್ಡ ದೋಷವೇ ಆಗಿತ್ತು. ಅದನ್ನು ಆತ ಸರ್ವೆಯಲ್ಲಿ ಕೂಡುತ್ತ ಬಂದ ಸಣ್ಣ ತಪ್ಪುಗಳ ಮೊತ್ತವೆಂದು ಭಾವಿಸಿ ಸರಣಿಯುದ್ದಕ್ಕೂ ಹಂಚಿಹಾಕಿದನು.

ಕಲ್ಕತ್ತೆಯ ಆರ್ಚ್‌ಡೀಕನ್ ಆಗಿದ್ದ, ಗಣಿತದಲ್ಲಿ ನುರಿತಿದ್ದ ಜಾನ್ ಹೆನ್ರಿ ಪ್ರ್ಯಾಟ್ ಈ ಹಂಚಿಕೆಯನ್ನು ಒಪ್ಪಲಿಲ್ಲ. ನಕ್ಷತ್ರಗಳನ್ನು ನೋಡುವ ಉಪಕರಣವನ್ನು ನೆಟ್ಟಗೆ ನಿಲ್ಲಿಸುವುದು ತೂಗುಗುಂಡಿನ ಆಧಾರದಿಂದಲೇ ಆದ್ದರಿಂದ, ಹಿಮಾಲಯವು ಗುಂಡನ್ನು ಉತ್ತರಕ್ಕೆ ಸೆಳೆದಿರಬೇಕು ಎಂದು ತರ್ಕಿಸಿ, ಆ ಸೆಳೆತವನ್ನು ಲೆಕ್ಕ ಹಾಕಲು ಆತ ಹೊರಟನು. ಹಿಮಾಲಯ ಮತ್ತು ಅದರಾಚೆಯ ಪ್ರಸ್ಥಭೂಮಿಯ ರಾಶಿಯನ್ನು ತುಂಡುತುಂಡಾಗಿ ಗಣಿಸಿ ಕೂಡಿಸಿದಾಗ, ಎರಡು ಠಾಣೆಗಳ ನಡುವೆ 15.885 ಸೆಕೆಂಡುಗಳ ವ್ಯತ್ಯಾಸ ಇರಬೇಕೆಂಬ ಉತ್ತರ ಬಂತು. ಸರ್ವೆಯಲ್ಲಿ ಕಂಡದ್ದು ಅದರ ಮೂರನೇ ಒಂದು ಭಾಗ ಮಾತ್ರ. ಹೀಗೆ ದೋಷವನ್ನು ವಿವರಿಸಲು ಹೊರಟ ಲೆಕ್ಕವು ದೋಷ ಯಾಕಿಷ್ಟು ಕಡಿಮೆ ಎಂಬ ಹೊಸ ಪ್ರಶ್ನೆಯನ್ನು ಹುಟ್ಟುಹಾಕಿತು. ಹಿಮಾಲಯದಲ್ಲಿ ಕಣ್ಣಿಗೆ ಕಾಣುವಷ್ಟು ರಾಶಿಯ ಸೆಳೆತ ಇಲ್ಲವೆಂದಾದರೆ, ಅದರ ಕೆಳಗೆ ಎಲ್ಲೋ ಅಷ್ಟೇ ಪ್ರಮಾಣದ ರಾಶಿಯ ಕೊರತೆ ಇರಲೇಬೇಕು. ಅಂಕಿಗಳು ತನ್ನ ನಿರೀಕ್ಷೆಗೆ ವಿರುದ್ಧವಾಗಿ ಬಂದಾಗಲೂ ಅವನ್ನು ತಿದ್ದದೆ ಹಾಗೆಯೇ ಪ್ರಕಟಿಸಿದ ಪ್ರ್ಯಾಟನ ಪ್ರಾಮಾಣಿಕತೆ ಈ ವಿಜ್ಞಾನಕ್ಕೆ ಸಿಕ್ಕ ದೊಡ್ಡ ಕೊಡುಗೆ.

ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಬಿಡೆಲ್ ಏರಿ 1855ರಲ್ಲಿಯೇ ಇದಕ್ಕೆ ಒಂದು ಉತ್ತರ ಕೊಟ್ಟನು. ನೀರಿನ ಮೇಲೆ ತೇಲುವ ಮರದ ದಿಮ್ಮಿಗಳಲ್ಲಿ ಯಾವುದು ಹೆಚ್ಚು ಮೇಲೆ ಚಾಚಿದೆಯೋ ಅದೇ ಹೆಚ್ಚು ಆಳಕ್ಕೂ ಮುಳುಗಿರುತ್ತದೆ ಎಂಬ ಹೋಲಿಕೆಯ ಮೂಲಕ, ಎತ್ತರದ ಪರ್ವತದ ಕೆಳಗೆ ಹಗುರವಾದ ಭೂಕವಚವು ಭಾರದ ತಳಪದರದೊಳಕ್ಕೆ ಬೇರಿನಂತೆ ಇಳಿದಿರಬೇಕೆಂದು ಆತ ವಾದಿಸಿದನು. ಪ್ರ್ಯಾಟ್ 1859ರಲ್ಲಿ ಮತ್ತೊಂದು ಬಗೆಯ ವಿವರಣೆ ನೀಡಿದನು: ಎಲ್ಲೆಡೆ ಭೂಕವಚದ ತಳ ಒಂದೇ ಆಳದಲ್ಲಿದ್ದು, ಪರ್ವತಗಳ ಕೆಳಗಿನ ಶಿಲೆ ಹೆಚ್ಚು ಹಗುರವಾಗಿದೆ. ಅಮೆರಿಕದ ಕ್ಲಾರೆನ್ಸ್ ಡಟನ್ 1889ರಲ್ಲಿ ಈ ತೂಕದ ಹೊಂದಾಣಿಕೆಗೆ ಐಸೊಸ್ಟಸಿ ಎಂಬ ಹೆಸರಿಟ್ಟನು. ಕನ್ನಡದಲ್ಲಿ ಅದನ್ನು ಸಮಸ್ಥಿತಿ ಎನ್ನಬಹುದು. ಏರಿಯ ಮಾದರಿಯನ್ನು ಇಂದಿನ ಸಾಂದ್ರತೆಗಳಿಗೆ ಅನ್ವಯಿಸಿದರೆ, ಅಂದರೆ ಭೂಕವಚಕ್ಕೆ ನೀರಿನ 2.8 ಪಟ್ಟು ಮತ್ತು ಮ್ಯಾಂಟಲಿಗೆ 3.3 ಪಟ್ಟು ಎಂದಿಟ್ಟುಕೊಂಡರೆ, ಪ್ರತಿ ಒಂದು ಕಿ.ಮೀ. ಎತ್ತರಕ್ಕೆ ಐದೂವರೆ ಕಿ.ಮೀ.ಗೂ ಹೆಚ್ಚು ಬೇರು ಬೇಕಾಗುತ್ತದೆ. ಐದು ಕಿ.ಮೀ. ಎತ್ತರದ ಟಿಬೆಟ್ ಪ್ರಸ್ಥಭೂಮಿಯ ಕೆಳಗೆ ಭೂಕವಚದ ಒಟ್ಟು ದಪ್ಪ 70 ಕಿ.ಮೀ. ಆಸುಪಾಸಿನಲ್ಲಿರಬೇಕು. ಆದರೆ ಏರಿ ಮತ್ತು ಪ್ರ್ಯಾಟರಲ್ಲಿ ಯಾರು ಸರಿ ಎಂಬುದನ್ನು ಗುರುತ್ವದ ಅಳತೆಯೊಂದರಿಂದಲೇ ತೀರ್ಮಾನಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ನೆಲದಡಿಯ ರಾಶಿಯನ್ನು ಬೇರೆಬೇರೆ ಆಳಗಳಲ್ಲಿ ಬೇರೆಬೇರೆ ರೀತಿಯಲ್ಲಿ ಹಂಚಿದರೂ ಮೇಲ್ಮೈಯಲ್ಲಿ ಒಂದೇ ಸೆಳೆತ ಬರಬಹುದು. ಅರ್ಧ ಶತಮಾನದವರೆಗೆ ಎರಡು ಮತಗಳೂ ಸಮಬಲದಲ್ಲಿ ನಿಂತವು.

ಈ ಬಿಕ್ಕಟ್ಟನ್ನು ಸಡಿಲಿಸಿದ್ದು ಭೂಕಂಪಗಳು. 1889ರಲ್ಲಿ ಜಪಾನಿನಲ್ಲಾದ ಕಂಪನವೊಂದನ್ನು ಜರ್ಮನಿಯ ಪಾಟ್ಸ್‌ಡಾಮ್ ಮತ್ತು ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿದ್ದ ಸೂಕ್ಷ್ಮ ಲೋಲಕಗಳು ದಾಖಲಿಸಿದ್ದನ್ನು ಎರ್ನ್ಸ್ಟ್ ಫಾನ್ ರೆಬಾಯರ್-ಪಾಶ್ವಿಟ್ಜ್ ಗುರುತಿಸಿದ ಮೇಲೆ, ಭೂಕಂಪದ ಅಲೆಗಳು ಭೂಮಿಯ ಒಡಲನ್ನು ಹಾದು ದೂರದ ಖಂಡಗಳನ್ನು ಮುಟ್ಟುತ್ತವೆ ಎಂಬುದು ಖಚಿತವಾಯಿತು. 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪವನ್ನು ಅಧ್ಯಯನ ಮಾಡಿದ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಿಚರ್ಡ್ ಓಲ್ಡ್‌ಹ್ಯಾಮ್, ದೂರದ ದಾಖಲೆಗಳಲ್ಲಿ ಮೂರು ಬಗೆಯ ಅಲೆಗಳು ಬಿಡಿಬಿಡಿಯಾಗಿ ಬರುವುದನ್ನು ತೋರಿಸಿಕೊಟ್ಟನು. ಮೊದಲು ಬರುವ ಪ್ರಾಥಮಿಕ ಅಥವಾ ಪಿ ಅಲೆ ಶಿಲೆಯನ್ನು ತಾನು ಸಾಗುವ ದಿಕ್ಕಿನಲ್ಲಿಯೇ ಒತ್ತಿ ಹಿಗ್ಗಿಸುತ್ತದೆ, ನಂತರದ ದ್ವಿತೀಯಕ ಅಥವಾ ಎಸ್ ಅಲೆ ಶಿಲೆಯನ್ನು ಅಡ್ಡಡ್ಡ ಅಲುಗಿಸುತ್ತದೆ, ಕೊನೆಗೆ ಬರುವ ಮೇಲ್ಮೈ ಅಲೆಗಳು ಭೂಮಿಯ ಹೊರಭಾಗಕ್ಕೆ ಅಂಟಿಕೊಂಡು ಸಾಗುತ್ತವೆ. ಮುಂದಿನ ಎಲ್ಲ ವಿಧಾನಗಳೂ ಈ ಮೂರರಲ್ಲಿ ಯಾವುದಾದರೊಂದನ್ನು ಅಥವಾ ಒಂದಕ್ಕಿಂತ ಹೆಚ್ಚನ್ನು ನೆಚ್ಚಿಕೊಂಡಿವೆ.

ಭೂಕವಚದ ತಳವನ್ನು ಮೊದಲು ಕಂಡುಹಿಡಿದವನು ಕ್ರೊಯೇಷಿಯಾದ ಆಂದ್ರಿಯಾ ಮೊಹೊರೊವಿಚಿಚ್. ಆತ ವೃತ್ತಿಯಿಂದ ಹವಾಮಾನಜ್ಞ, ಝಾಗ್ರೆಬ್ ನಗರದ ವೀಕ್ಷಣಾಲಯದ ನಿರ್ದೇಶಕ. ಅಲ್ಲಿದ್ದ ವೀಖರ್ಟ್ ಮಾದರಿಯ ಭೂಕಂಪಮಾಪಕದಲ್ಲಿ, ಮಸಿ ಹಿಡಿಸಿದ ಕಾಗದವನ್ನು ನಿಧಾನವಾಗಿ ತಿರುಗುವ ಉರುಳೆಗೆ ಸುತ್ತಲಾಗುತ್ತಿತ್ತು. ಭಾರವಾದ ಲೋಲಕಕ್ಕೆ ಜೋಡಿಸಿದ ಸೂಜಿ ಮಸಿಯನ್ನು ಕೆರೆಯುತ್ತ ಬಿಳಿಗೆರೆ ಎಳೆಯುತ್ತಿತ್ತು. ಗಡಿಯಾರವೊಂದು ನಿಮಿಷ ನಿಮಿಷಕ್ಕೂ ಆ ಗೆರೆಯ ಮೇಲೆ ಗುರುತು ಹಾಕುತ್ತಿತ್ತು. ಕಾಗದವನ್ನು ಬಿಚ್ಚಿದ ಮೇಲೆ ಗೆರೆ ಅಳಿಸಿಹೋಗದಂತೆ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸುವುದು ಅಂದಿನ ವೀಕ್ಷಣಾಲಯಗಳ ವಾಡಿಕೆ. ಇಂಥ ಗೆರೆಯೊಂದರಲ್ಲಿ ಅಲೆಯ ಮೊದಲ ಕದಲಿಕೆಯನ್ನು ಒಂದೆರಡು ಸೆಕೆಂಡುಗಳ ಖಚಿತತೆಯಿಂದ ಓದುವುದಕ್ಕೆ ಪಳಗಿದ ಕಣ್ಣು ಬೇಕಾಗಿತ್ತು.

1909ರ ಅಕ್ಟೋಬರ್ 8ರಂದು ಝಾಗ್ರೆಬಿನಿಂದ ಸುಮಾರು 40 ಕಿ.ಮೀ. ದೂರದ ಕುಪಾ ನದಿಯ ಕಣಿವೆಯಲ್ಲಿ ಭೂಕಂಪವಾಯಿತು. ಯುರೋಪಿನ ಅನೇಕ ಠಾಣೆಗಳಿಂದ ದಾಖಲೆಗಳನ್ನು ತರಿಸಿಕೊಂಡು, ದೂರ ಮತ್ತು ಅಲೆ ತಲುಪಿದ ವೇಳೆಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದ ಮೊಹೊರೊವಿಚಿಚ್‌ಗೆ ವಿಚಿತ್ರವೊಂದು ಕಂಡಿತು. ಹತ್ತಿರದ ಠಾಣೆಗಳಲ್ಲಿ ಒಂದೇ ಪಿ ಅಲೆ ಇತ್ತು. ಸುಮಾರು 300ರಿಂದ 700 ಕಿ.ಮೀ. ದೂರದ ಠಾಣೆಗಳಲ್ಲಿ ಎರಡೆರಡು ಪಿ ಅಲೆಗಳು ಒಂದರ ಹಿಂದೊಂದು ಬಂದಿದ್ದವು. ಎಸ್ ಅಲೆಗಳೂ ಹಾಗೆಯೇ ಜೋಡಿಯಾಗಿದ್ದವು. ಒಂದು ಭೂಕಂಪದಿಂದ ಒಂದೇ ಬಗೆಯ ಎರಡು ಅಲೆಗಳು ಬರಬೇಕಾದರೆ ಅವು ಎರಡು ದಾರಿಗಳಲ್ಲಿ ಬಂದಿರಬೇಕು. ಒಂದು ಅಲೆ ಮೇಲಿನ ಪದರದೊಳಗೇ ನೇರವಾಗಿ, ಸೆಕೆಂಡಿಗೆ ಆರು ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಸಾಗಿತ್ತು. ಇನ್ನೊಂದು ಕೆಳಕ್ಕಿಳಿದು, ಸೆಕೆಂಡಿಗೆ ಎಂಟು ಕಿ.ಮೀ. ಸಮೀಪದ ವೇಗವಿರುವ ಬೇರೊಂದು ಪದರದಲ್ಲಿ ಬಹುಪಾಲು ದಾರಿ ಕ್ರಮಿಸಿ, ಮತ್ತೆ ಮೇಲಕ್ಕೆ ಬಾಗಿ ಬಂದಿತ್ತು. ಈ ಸುತ್ತುದಾರಿ ಉದ್ದವಾದರೂ ಕೆಳಗಿನ ವೇಗ ಹೆಚ್ಚಾದ್ದರಿಂದ, ಸಾಕಷ್ಟು ದೂರದ ಠಾಣೆಗಳಲ್ಲಿ ಅದೇ ಮೊದಲು ಮುಟ್ಟುತ್ತಿತ್ತು. ಎರಡು ಪದರಗಳ ನಡುವಿನ ಗಡಿ 54 ಕಿ.ಮೀ. ಆಳದಲ್ಲಿದೆ ಎಂದು 1910ರಲ್ಲಿ ಆತ ಪ್ರಕಟಿಸಿದನು. ಇಂದು ಆ ಗಡಿಗೆ ಅವನ ಹೆಸರೇ ನಿಂತಿದ್ದು, ಉಚ್ಚಾರಣೆಯ ಅನುಕೂಲಕ್ಕಾಗಿ ಜಗತ್ತೆಲ್ಲ ಅದನ್ನು ಮೊಹೊ ಎನ್ನುತ್ತದೆ. ಆ 54 ಕಿ.ಮೀ. ಭೂಮಿಗೆಲ್ಲ ಅನ್ವಯಿಸುವ ಅಂಕಿಯಲ್ಲ, ಅದು ಡೈನಾರಿಕ್ ಪರ್ವತಗಳ ನೆರೆಯ ಆ ನೆಲದ ಅಂಕಿ ಎಂಬುದು ಮುಂದಿನ ದಶಕಗಳಲ್ಲಿ ಬೇರೆ ಪ್ರದೇಶಗಳ ಅಳತೆಗಳು ಬಂದಂತೆಲ್ಲ ಸ್ಪಷ್ಟವಾಯಿತು.

ಮೊಹೊರೊವಿಚಿಚ್‌ನ ವಿಧಾನಕ್ಕೆ ವಕ್ರೀಭವನ ವಿಧಾನವೆಂದು ಹೆಸರು, ಪರ್ವತಗಳ ಮಟ್ಟಿಗೆ ಅದರ ದೊಡ್ಡ ತೊಡಕೂ ಅದರೊಳಗೇ ಇದೆ. ಭೂಕವಚ 35 ಕಿ.ಮೀ. ದಪ್ಪವಿದ್ದರೆ ಕೆಳಗಿನ ಅಲೆ ಮೇಲಿನ ಅಲೆಯನ್ನು ಹಿಂದಿಕ್ಕಲು ಸುಮಾರು 190 ಕಿ.ಮೀ. ದೂರ ಬೇಕು, ದಪ್ಪ ಎರಡುಪಟ್ಟಾದರೆ ಈ ದೂರವೂ ಎರಡುಪಟ್ಟಾಗುತ್ತದೆ. ಬೇರು ಆಳವಾದಷ್ಟೂ ಅಳೆಯುವವನು ಅಷ್ಟಷ್ಟು ದೂರ ಹೋಗಬೇಕು, ಆದರೆ ಆ ದೂರದೊಳಗೆ ಪರ್ವತಶ್ರೇಣಿಯ ಅಗಲವೇ ಮುಗಿದು ಬಯಲು ಬಂದುಬಿಡುತ್ತದೆ, ಇಲ್ಲವೇ ದೇಶದ ಗಡಿ ಅಡ್ಡ ಬರುತ್ತದೆ. ಪರ್ವತದ ಬೇರಿಗೆ ಅಲೆಗಳ ಸಾಕ್ಷ್ಯ ನಿಧಾನವಾಗಿ, ಚೂರುಚೂರಾಗಿ ಒದಗಿದ್ದಕ್ಕೆ ಇದೇ ಕಾರಣ. 1938ರಲ್ಲಿ ಕ್ಯಾಲಿಫೋರ್ನಿಯಾದ ಪೆರಿ ಬೈಯರ್ಲಿ, ಸಿಯೆರಾ ನೆವಾಡಾ ಶ್ರೇಣಿಯನ್ನು ಅಡ್ಡಹಾಯ್ದು ಆಚೆಯ ಠಾಣೆಗಳಿಗೆ ಹೋಗುವ ಅಲೆಗಳು ತಡವಾಗಿ ತಲುಪುವುದನ್ನು ತೋರಿಸಿ, ಆ ಶ್ರೇಣಿಯ ಕೆಳಗೆ ನಿಧಾನವೇಗದ ಭೂಕವಚದ ಬೇರು ಇದೆ ಎಂದು ವಾದಿಸಿದ್ದು ಈ ದಿಕ್ಕಿನ ಆರಂಭದ ಗಟ್ಟಿ ಹೆಜ್ಜೆಗಳಲ್ಲಿ ಒಂದು.

ಭೂಕಂಪಕ್ಕಾಗಿ ಕಾಯುವ ಬದಲು ತಾವೇ ನೆಲವನ್ನು ನಡುಗಿಸುವ ಕ್ರಮ ಎರಡನೆಯ ಮಹಾಯುದ್ಧದ ನಂತರ ಬೆಳೆಯಿತು. ಸ್ಫೋಟದ ಜಾಗ ಮತ್ತು ಗಳಿಗೆ ಎರಡೂ ಮೊದಲೇ ಗೊತ್ತಿರುವುದು ಇದರ ಲಾಭ. ಸೋವಿಯತ್ ಒಕ್ಕೂಟದ ಗ್ರಿಗೋರಿ ಗಂಬುರ್ತ್ಸೆವ್ ರೂಪಿಸಿದ ಆಳದ ಭೂಕಂಪನ ಶೋಧವು ಮಧ್ಯ ಏಷ್ಯಾದ ಪರ್ವತಗಳಿಗೆ ಹೋಯಿತು. ಆಲ್ಪ್ಸ್‌ನಲ್ಲಿ 1950ರ ದಶಕದಿಂದ ಕಲ್ಲುಗಣಿಗಳ ಮತ್ತು ಸರೋವರಗಳ ಸ್ಫೋಟಗಳನ್ನು ಹಲವು ದೇಶಗಳ ತಂಡಗಳು ಒಟ್ಟಾಗಿ ದಾಖಲಿಸಿದವು. ಪಾಮೀರ್, ಆಂಡೀಸ್‌ನ ಆಲ್ಟಿಪ್ಲಾನೊ ಮುಂತಾದೆಡೆ ಸುಮಾರು 70 ಕಿ.ಮೀ. ದಪ್ಪದ ಭೂಕವಚ ಪತ್ತೆಯಾಗುತ್ತ ಬಂದಂತೆ ಏರಿಯ ಪಕ್ಷ ಬಲಗೊಂಡಿತು.

ಅದೇ ಕಾಲದಲ್ಲಿ ಅಣ್ವಸ್ತ್ರಗಳ ಪೈಪೋಟಿಯೂ ಈ ವಿಜ್ಞಾನಕ್ಕೆ ಉಪಕರಣಗಳನ್ನು ಒದಗಿಸಿತು. ಭೂಗರ್ಭದ ಪರಮಾಣು ಪರೀಕ್ಷೆಗಳನ್ನು ಪತ್ತೆಹಚ್ಚಲು 1960ರ ದಶಕದಲ್ಲಿ ಜಗತ್ತಿನಾದ್ಯಂತ ಏಕರೂಪದ ಭೂಕಂಪಮಾಪಕಗಳ ಜಾಲ ಹರಡಿತು. ಬ್ರಿಟನ್ನಿನ ಸಹಯೋಗದಲ್ಲಿ 1965ರ ವೇಳೆಗೆ ಗೌರಿಬಿದನೂರಿನಲ್ಲಿ ಎಲ್ ಅಕ್ಷರದ ಆಕಾರದಲ್ಲಿ ನಿಂತ ಮಾಪಕಗಳ ಸಾಲು ಇದೇ ಉದ್ದೇಶದ್ದು. ಆ ಸಾಲು ದೂರದ ಪರೀಕ್ಷೆಗಳನ್ನಷ್ಟೇ ಅಲ್ಲದೆ ಕೋಲಾರದ ಚಿನ್ನದ ಗಣಿಯಾಳದಲ್ಲಿ ಬಂಡೆ ಸಿಡಿದು ಆಗುವ ಕಂಪನಗಳನ್ನೂ ಹಿಡಿಯುತ್ತಿತ್ತು. ಗಣಿಕಾರ್ಮಿಕರ ಜೀವ ತೆಗೆಯುತ್ತಿದ್ದ ಆ ಸಿಡಿತಗಳಿಂದಲೇ ದಕ್ಷಿಣ ಭಾರತದ ನೆಲದಡಿಯ ಅಲೆಗಳ ವೇಗ ತಿಳಿದುಬಂದಿದೆ ಎಂಬುದನ್ನು ಮರೆಯುವಂತಿಲ್ಲ. ಟಿಬೆಟಿಗೆ ಹೋಗಲಾಗದ ಭಾರತೀಯ ವಿಜ್ಞಾನಿಗಳು ಮೇಲ್ಮೈ ಅಲೆಗಳ ಮೊರೆಹೋದರು. ಈ ಅಲೆಗಳಲ್ಲಿ ಆವರ್ತಕಾಲ ದೀರ್ಘವಾದವು ಹೆಚ್ಚು ಆಳದ ಶಿಲೆಯನ್ನು ಸ್ಪರ್ಶಿಸುವುದರಿಂದ, ಯಾವ ಆವರ್ತಕಾಲದ ಅಲೆ ಎಷ್ಟು ವೇಗದಲ್ಲಿ ಬಂತು ಎಂಬುದನ್ನು ನೋಡಿ ದಾರಿಯಲ್ಲಿನ ಭೂಕವಚದ ಸರಾಸರಿ ದಪ್ಪವನ್ನು ಊಹಿಸಬಹುದು. ಹರ್ಷ ಗುಪ್ತ ಮತ್ತು ಹರಿ ನಾರಾಯಣ್ 1967ರಲ್ಲಿ ಪ್ರಕಟಿಸಿದ ಅಧ್ಯಯನವು ಹಿಮಾಲಯ ಮತ್ತು ಟಿಬೆಟಿನ ಕೆಳಗೆ 65ರಿಂದ 70 ಕಿ.ಮೀ. ದಪ್ಪವನ್ನು ಹೀಗೆ ಕಂಡುಕೊಂಡಿತು.

1970ರ ದಶಕದ ಕೊನೆಗೆ ರೂಪುಗೊಂಡ ಇನ್ನೊಂದು ವಿಧಾನ ಪರ್ವತಗಳಿಗೆ ಹೇಳಿಮಾಡಿಸಿದಂತಿತ್ತು. ಸಾವಿರಾರು ಕಿ.ಮೀ. ದೂರದ ಭೂಕಂಪದಿಂದ ಹೊರಟ ಪಿ ಅಲೆ ಠಾಣೆಯ ಕೆಳಗಿನಿಂದ ಏರಿಬಂದು ಮೊಹೊವನ್ನು ದಾಟುವಾಗ, ಅದರ ಶಕ್ತಿಯ ಒಂದಂಶ ಎಸ್ ಅಲೆಯಾಗಿ ಮಾರ್ಪಡುತ್ತದೆ. ಭೂಕವಚದಲ್ಲಿ ಎಸ್ ಅಲೆ ಪಿ ಅಲೆಗಿಂತ ನಿಧಾನವಾಗಿ ಸಾಗುವುದರಿಂದ ಅದು ಠಾಣೆಗೆ ತುಸು ತಡವಾಗಿ ಬರುತ್ತದೆ. ಈ ವಿಳಂಬ 35 ಕಿ.ಮೀ. ದಪ್ಪಕ್ಕೆ ಸುಮಾರು ನಾಲ್ಕು ಸೆಕೆಂಡ್, 70 ಕಿ.ಮೀ. ದಪ್ಪಕ್ಕೆ ಎಂಟು ಸೆಕೆಂಡಿಗೂ ಹೆಚ್ಚು. ಅಮೆರಿಕದ ಚಾರ್ಲ್ಸ್ ಲ್ಯಾಂಗ್‌ಸ್ಟನ್ ಮೊದಲಾದವರು ಬೆಳೆಸಿದ ಈ ಗಣನೆಗೆ ರಿಸೀವರ್ ಫಂಕ್ಷನ್ ಎಂಬ ಹೆಸರೇ ಕನ್ನಡದಲ್ಲೂ ಬಳಕೆಯಲ್ಲಿದೆ. ಇದಕ್ಕೆ ಸ್ಫೋಟ ಬೇಡ, ನೂರಾರು ಕಿ.ಮೀ. ಸಾಲೂ ಬೇಡ, ಒಂದು ಕಣಿವೆಯಲ್ಲಿ ಒಂದು ಮಾಪಕ ಕೆಲವು ತಿಂಗಳು ನಿಂತಿದ್ದರೆ ತನ್ನ ಅಡಿಯ ದಪ್ಪವನ್ನು ತಾನೇ ಹೇಳುತ್ತದೆ. ಎಸ್. ಎಸ್. ರೈ, ಕೀತ್ ಪ್ರೀಸ್ಟ್‌ಲಿ, ಬೆಂಗಳೂರಿನಲ್ಲಿ ಬಹುಕಾಲ ಕೆಲಸ ಮಾಡಿದ ವಿ. ಕೆ. ಗೌರ್ ಮತ್ತು ಸಂಗಡಿಗರು ವಾಯವ್ಯ ಹಿಮಾಲಯವನ್ನು ಹಾದು ಲಡಾಖ್‌ವರೆಗೆ ಸುಮಾರು 700 ಕಿ.ಮೀ. ಉದ್ದಕ್ಕೆ 17 ಮಾಪಕಗಳನ್ನು ನಿಲ್ಲಿಸಿ, ದೆಹಲಿಯ ಕೆಳಗೆ ಸುಮಾರು 40 ಕಿ.ಮೀ. ಆಳದಲ್ಲಿರುವ ಮೊಹೊ ಕಾರಾಕೋರಂ ಸ್ತರಭಂಗದ ಬಳಿ ಸುಮಾರು 75 ಕಿ.ಮೀ.ವರೆಗೆ ಇಳಿಯುವುದನ್ನು 2006ರಲ್ಲಿ ತೋರಿಸಿದರು. ಪ್ರ್ಯಾಟನ ಲೆಕ್ಕಕ್ಕೆ ಬೇಕಾಗಿದ್ದ ರಾಶಿಯ ಕೊರತೆ ಯಾವ ಆಕಾರದಲ್ಲಿದೆ ಎಂಬುದು ಇಷ್ಟು ನೇರವಾಗಿ ಬೇರಾವ ವಿಧಾನದಿಂದಲೂ ಕಂಡಿರಲಿಲ್ಲ.

ಇದಕ್ಕೂ ಮುನ್ನ, 1992ರಲ್ಲಿ ದಕ್ಷಿಣ ಟಿಬೆಟಿನಲ್ಲಿ ಇಂಡೆಪ್ತ್ ಎಂಬ ಅಂತರರಾಷ್ಟ್ರೀಯ ತಂಡವು ಸ್ಫೋಟದ ಅಲೆಗಳ ಪ್ರತಿಫಲನಗಳನ್ನು ದಾಖಲಿಸಿದಾಗ, 75 ಕಿ.ಮೀ. ಆಸುಪಾಸಿನ ಮೊಹೊದ ಜೊತೆಗೆ, ಅದಕ್ಕಿಂತ ಬಹಳ ಮೇಲೆ, ಉತ್ತರಕ್ಕೆ ಮೆಲ್ಲನೆ ಇಳಿಯುವ ಇನ್ನೊಂದು ಮೇಲ್ಮೈ ಕಂಡಿತ್ತು. ಅದು ಭಾರತದ ಫಲಕ ಹಿಮಾಲಯದ ಕೆಳಗೆ ಜಾರಿಹೋಗುವ ಸ್ತರಭಂಗ. 2015ರ ಏಪ್ರಿಲ್ 25ರಂದು ನೇಪಾಳವನ್ನು ಧ್ವಂಸ ಮಾಡಿದ ಗೋರ್ಖಾ ಭೂಕಂಪ ಜರುಗಿದ್ದು ಇದೇ ಸ್ತರಭಂಗದ ಮುಂದುವರಿಕೆಯ ಮೇಲೆ.

ಆದರೆ ಅಳತೆಗಳು ಹೆಚ್ಚಿದಂತೆ ಏರಿಯ ಸರಳ ನಿಯಮ ಎಲ್ಲೆಡೆ ನಿಲ್ಲಲಿಲ್ಲ. ಬೈಯರ್ಲಿ ಬೇರು ಕಂಡ ಸಿಯೆರಾ ನೆವಾಡಾದಲ್ಲಿಯೇ 1993ರಲ್ಲಿ ನಡೆದ ಪ್ರಯೋಗವು, 4,000 ಮೀಟರ್ ಮೀರಿದ ಶಿಖರಗಳಿರುವ ದಕ್ಷಿಣ ಭಾಗದ ಕೆಳಗೆ ಭೂಕವಚ 30ರಿಂದ 40 ಕಿ.ಮೀ. ಮಾತ್ರ ಇರುವುದನ್ನು ತೋರಿಸಿತು. ಹಿಂದಿನ ತಡದ ಅಲೆಗಳಿಗೆ ಬೇರೆ ಕಾರಣ ಹುಡುಕಬೇಕಾಯಿತು. ಜ್ವಾಲಾಮುಖಿಗಳು ಆಳದಿಂದ ಹೊತ್ತುತಂದ ಶಿಲಾತುಣುಕುಗಳ ಪ್ರಕಾರ, ಆ ಶ್ರೇಣಿಗೆ ಹಿಂದೊಮ್ಮೆ ಗಾರ್ನೆಟ್ ತುಂಬಿದ ಭಾರದ ಬೇರು ಇತ್ತು, ಅದು ಕಳಚಿ ಮ್ಯಾಂಟಲಿನೊಳಕ್ಕೆ ಮುಳುಗಿಹೋಗಿದೆ. ಇಂದು ಶ್ರೇಣಿಯನ್ನು ಎತ್ತಿಹಿಡಿದಿರುವುದು ಅದರ ಜಾಗಕ್ಕೆ ಏರಿಬಂದ ಬಿಸಿಯಾದ, ಹಗುರವಾದ ಮ್ಯಾಂಟಲ್.

ಇದರ ವಿರುದ್ಧ ಬಗೆಯ ಉದಾಹರಣೆ ಕರ್ನಾಟಕದಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಸೋವಿಯತ್ ತಜ್ಞರ ಸಹಕಾರದೊಂದಿಗೆ 1970ರ ದಶಕದಲ್ಲಿ ಆಂಧ್ರದ ಕರಾವಳಿಯ ಕಾವಲಿಯಿಂದ ಉಡುಪಿಯವರೆಗೆ ಸುಮಾರು 600 ಕಿ.ಮೀ. ಉದ್ದಕ್ಕೆ ನಡೆಸಿದ ಸ್ಫೋಟ ಶೋಧವು ಭಾರತದಲ್ಲಿ ಆ ಬಗೆಯ ಮೊದಲ ಕೆಲಸ; ಕೆ. ಎಲ್. ಕೈಲಾ ಮತ್ತು ಸಂಗಡಿಗರು 1979ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ನಂತರ 2003ರಲ್ಲಿ ಪ್ರಕಟವಾದ ರಿಸೀವರ್ ಫಂಕ್ಷನ್ ಅಧ್ಯಯನವು ಪೂರ್ವ ಧಾರವಾಡ ಭೂಭಾಗದಲ್ಲಿ 40 ಕಿ.ಮೀ.ಗೆ ಮೀರದ ಭೂಕವಚವು ಪಶ್ಚಿಮ ಧಾರವಾಡ ಭೂಭಾಗದಲ್ಲಿ 42ರಿಂದ 51 ಕಿ.ಮೀ. ದಪ್ಪವಿರುವುದನ್ನು ತೋರಿಸಿತು. ಏರಿಯ ಲೆಕ್ಕದಂತೆ 51 ಕಿ.ಮೀ. ದಪ್ಪದ ಭೂಕವಚ ಎರಡು ಕಿ.ಮೀ. ಮೀರಿದ ಎತ್ತರದ ಪರ್ವತನಾಡನ್ನು ಹೊತ್ತಿರಬೇಕಿತ್ತು. ಆದರೆ ಮೇಲಿರುವುದು ಬಹುಪಾಲು ಒಂದು ಕಿ.ಮೀ. ಒಳಗಿನ, ಮುನ್ನೂರು ಕೋಟಿ ವರ್ಷ ಮೀರಿದ ವಯಸ್ಸಿನ ಶಿಲೆಗಳ ಪ್ರಸ್ಥಭೂಮಿ. ಇಲ್ಲಿನ ಬೇರು ಮೇಲಿನ ನೆಲವನ್ನು ಎತ್ತಿಹಿಡಿಯುತ್ತಿಲ್ಲವೆಂದರೆ ಅದರ ಶಿಲೆ ಸಾಮಾನ್ಯ ಭೂಕವಚಕ್ಕಿಂತ ಭಾರವಾಗಿರಬೇಕು, ಅಂದರೆ ಏರಿ ಹೇಳಿದ ದಪ್ಪದ ಜೊತೆಗೆ ಪ್ರ್ಯಾಟ್ ಹೇಳಿದ ಸಾಂದ್ರತೆಯನ್ನೂ ಒಂದೇ ಠಾಣೆಯ ಅಡಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕಾಗಿ ಇಂದಿನ ಅಧ್ಯಯನಗಳು ಮೊಹೊದ ಆಳವೊಂದನ್ನೇ ಪ್ರಕಟಿಸಿ ನಿಲ್ಲದೆ, ಅದೇ ದಾಖಲೆಗಳಿಂದ ಪಿ ಮತ್ತು ಎಸ್ ಅಲೆಗಳ ವೇಗದ ಅನುಪಾತವನ್ನೂ ಬಿಡಿಸಿಕೊಂಡು, ಆಳದ ಶಿಲೆ ಗ್ರಾನೈಟಿನ ಬಗೆಯದೋ ಅಥವಾ ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಿರುವ ಭಾರದ ಬಗೆಯದೋ ಎಂಬುದನ್ನು ಠಾಣೆ ಠಾಣೆಗೂ ನಿರ್ಧರಿಸುತ್ತಿವೆ.